ಹರಿಯದ ಜೇಬು

"ತಂಗಿ ಮಗನ ಮುಖ ನೋಡೋಕೆ ನೆಬ್ರಾಸ್ಕಾದಿಂದ ಮೂರು ದಿನ ಬಸ್ಸಲ್ಲಿ ಕೂತು ಬಂದಿದ್ದೀನಿ ಕಣಮ್ಮಾ. ಬಾಗಿಲು ತೆಗೀತೀಯೋ, ಇಲ್ಲೇ ನೆಲದ ಮೇಲೆ ಕೂತು ಗೋಳೋ ಅಂತ ಅಳಲೋ?"

ಹೊರಗಿನ ಮೊಗಸಾಲೆಯಲ್ಲಿ ಹೆಂಗಸಿನ ದನಿ. ಗೋಡೆಗೆ ಮುಖ ಹಾಕಿ ಮಲಗಿದ್ದ ಎಮಿಲ್ ಕುಡರ್ನಾ ಈಚೆ ತಿರುಗಿದ. ನೆಬ್ರಾಸ್ಕಾದಲ್ಲಿ ಅವನಿಗೆ ದೊಡ್ಡಮ್ಮ ಎನ್ನುವವರು ಯಾರೂ ಇರಲಿಲ್ಲ.

ಬೀಗ ತಿರುಗಿತು. ನರ್ಸ್ ಅರ್ಡಿಸ್ ಒಳಗೆ ಇಣುಕಿದಳು.

"ಕುಡರ್ನಾ, ನಿಮ್ಮ ದೊಡ್ಡಮ್ಮ. ಹದಿನೈದೇ ನಿಮಿಷ. ಡಾಕ್ಟರು ನಾಲ್ಕು ಗಂಟೆ ತನಕ ಬರಲ್ಲ ಅಂತ ಬಿಡ್ತಿದ್ದೀನಿ, ಯಾರಿಗೂ ಹೇಳ್ಬೇಡಿ."

ಒಳಗೆ ಬಂದ ಹೆಂಗಸು ಹಳ್ಳಿಯ ಹೂವಿನ ಅಂಗಿ ತೊಟ್ಟಿದ್ದಳು, ಕೂದಲಿಗೆ ಬಿಳಿ ಪೌಡರ್ ಬಳಿದಿದ್ದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಅವಳು ನೇರ ಬಂದು ಅವನ ಕುತ್ತಿಗೆಗೆ ಜೋತುಬಿದ್ದಳು.

"ಬಾಯಿ ಮುಚ್ಕೊಂಡು ತಬ್ಬಿಕೋ," ಎಂದು ಕಿವಿಯಲ್ಲಿ ಹೇಳಿದಳು. "ಆ ಹುಡುಗಿ ಇನ್ನೂ ನೋಡ್ತಿದಾಳೆ."

ಬಾಗಿಲು ಮುಚ್ಚಿದ ಮೇಲೆ ಎಮಿಲ್ ಅವಳ ಮುಖವನ್ನು ದೂರ ಹಿಡಿದು ನೋಡಿದ. ಐಯೋನ್ ಮ್ಯಾಡಕ್ಸ್! ಎಂಟು ವರ್ಷದ ಹಿಂದೆ, ಅವನ ಮೊಟ್ಟಮೊದಲ ಚಿತ್ರದಲ್ಲಿ, ಕ್ಯಾಮೆರಾದ ಕೆಳಗೆ ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿರುತ್ತಿದ್ದವಳು. ಯಾರು ಯಾವ ಕೈಯಲ್ಲಿ ಲೋಟ ಹಿಡಿದಿದ್ದರು, ಯಾರ ಟೋಪಿ ಎಷ್ಟು ವಾಲಿತ್ತು ಎಂದು ಒಂದೊಂದನ್ನೂ ಬರೆದಿಡುವುದು ಅವಳ ಕೆಲಸ. ಈಗ ಆ ಕೆಲಸ ಬಿಟ್ಟು ಕಹುಯೆಂಗಾ ರಸ್ತೆಯ ಚಪ್ಪಲಿ ಅಂಗಡಿಯ ಮಹಡಿಯಲ್ಲಿ ಖಾಸಗಿ ಪತ್ತೇದಾರಿಯ ಬೋರ್ಡು ಹಾಕಿಕೊಂಡಿದ್ದಾಳೆಂದು ಯಾರೋ ಹೇಳಿದ್ದರು.

"ನನ್ನನ್ನ ಹೇಗೆ ಹುಡುಕಿದೆ?"

"ಹದಿನಾಲ್ಕು ಆಸ್ಪತ್ರೆಗೆ ಫೋನ್ ಮಾಡಿ ವೇಡ್ ಹಾರ್‌ಗ್ರೋವ್ ಇದಾರಾ ಅಂದೆ. ಎಲ್ಲರೂ ನಕ್ಕರು. ಆಮೇಲೆ ನೆನಪಾಯ್ತು, ನಿನ್ನ ಮೊದಲ ದಿನದ ಹಾಜರಿ ಬರೆದವಳು ನಾನೇ. ಆಗಿನ್ನೂ ನಿನಗೆ ಹೊಸ ಹೆಸರು ಇಟ್ಟಿರಲಿಲ್ಲ. ಎಮಿಲ್ ಕುಡರ್ನಾ ಅಂತ ಕೇಳಿದೆ. ಆರನೇ ಫೋನಿಗೇ, 'ಇದಾರೆ, ಏಳನೇ ಕೋಣೆ' ಅಂದ್ರು. ನಿನ್ನನ್ನ ಬಚ್ಚಿಡೋಕೆ ನಿನ್ನ ಹೆಸರಿಗಿಂತ ಒಳ್ಳೇ ಜಾಗ ಅವರಿಗೆ ಸಿಗಲಿಲ್ಲ ನೋಡು."

ಅವಳು ತಟ್ಟೆಯ ಬಟ್ಟೆ ಸರಿಸಿದಳು. ಗಸಗಸೆ ತುಂಬಿದ ಬನ್ನುಗಳು. ಅವನ ತಾಯಿ ಭಾನುವಾರ ಮಾಡುತ್ತಿದ್ದಂಥವು.

ಎಮಿಲ್ ಮುಟ್ಟಲಿಲ್ಲ.

"ಮೊದಲು ಒಂದು ಹೇಳು," ಎಂದಳು ಐಯೋನ್. "ನನ್ನನ್ನ ನೇಮಿಸಿರೋದು ನೀನಲ್ಲ, ಸತ್ತ ಬ್ರಾಂಡಲ್‌ನ ತಂಗಿ. ಅವನು ಸ್ನಾನದ ಮನೇಲಿ ಜಾರಿ ಬಿದ್ದು ಸತ್ತ ಅಂತ ಸ್ಟುಡಿಯೋದವರು ಹೇಳಿದ್ದನ್ನ ಅವಳು ನಂಬಲ್ಲ. ಅವನನ್ನ ಹೊಡೆದದ್ದು ನೀನಾ?"

ಒಂಬತ್ತು ದಿನದಿಂದ ಅವನು ತನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು. ಆ ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನು ಸ್ಟುಡಿಯೋದ ತನ್ನ ಕೋಣೆಯಲ್ಲಿ ಕಾಫಿ ಕುಡಿದು ಒರಗಿದ್ದ. ಕಣ್ಣು ಬಿಟ್ಟದ್ದು ಬೆಟ್ಟದ ಬುಡದ ಈ ವಿಶ್ರಾಂತಿಗೃಹದಲ್ಲಿ. ನಡುವೆ ಅದೇ ಕೋಣೆಯಲ್ಲಿ ಮೇಕಪ್ಪಿನ ಮುದುಕ ಕ್ಯಾಸ್ಪರ್ ಬ್ರಾಂಡಲ್ ತಲೆಯೊಡೆದು ಸತ್ತುಬಿದ್ದಿದ್ದ.

"ಗೊತ್ತಿಲ್ಲ," ಎಂದ ಎಮಿಲ್. "ಏನೂ ನೆನಪಿಲ್ಲ. ಪ್ರಚಾರ ವಿಭಾಗದ ವ್ಯಾಂಡಿವೀರ್ ಹೇಳ್ತಾನೆ, ನಾನು ಕುಡಿದು ಹೊಡೆದೆ ಅಂತ. ನನ್ನದೇ ಮುಖದ ಪ್ಲಾಸ್ಟರ್ ಅಚ್ಚಿನಿಂದ. ನನ್ನ ಅಂಗಿ ಮೇಲೆ ರಕ್ತ ಇತ್ತಂತೆ. ಆ ಅಂಗಿ ಅವನ ಹತ್ರ ಇದೆ."

"ನೋಡಿದ್ದೀಯಾ ಅದನ್ನ?"

"ಇಲ್ಲ. ಇವತ್ತು ತರ್ತಾನೆ. ಇವತ್ತು ನಾನು ಹೊಸ ಕರಾರಿಗೆ ಸಹಿ ಹಾಕ್ಬೇಕು."

ಐಯೋನ್ ಕಾಲುಚೀಲದೊಳಗಿಂದ ಒಂದು ಫೋಟೋ ಎಳೆದು ಅವನ ಮೊಣಕಾಲ ಮೇಲಿಟ್ಟಳು. ಅವತ್ತಿನ ಚಿತ್ರೀಕರಣದ್ದು. ನೀಲಿ ಅಂಗಿಯಲ್ಲಿ ನಿಂತ ವೇಡ್ ಹಾರ್‌ಗ್ರೋವ್. ಎದೆಯ ಎಡ ಜೇಬು ಹರಿದು, ಒಂದು ಮೂಲೆಯಿಂದ ನಾಲಗೆಯಂತೆ ನೇತಾಡುತ್ತಿತ್ತು.

"ಇದು ಸೋಮವಾರ ಹನ್ನೆರಡೂವರೆಗೆ, ಊಟಕ್ಕೆ ಬಿಡೋ ಮುಂಚೆ ತೆಗೆದದ್ದು. ಹೊಡೆದಾಟದ ದೃಶ್ಯದಲ್ಲಿ ಆ ದಪ್ಪನೆಯವನ ಉಂಗುರ ಸಿಕ್ಕಿ ಜೇಬು ಹರೀತು. ಕಥೇಲಿ ಇರಲಿಲ್ಲ. ನಿರ್ದೇಶಕನಿಗೆ ಹಿಡಿಸ್ತು, ಹಾಗೇ ಇರ್ಲಿ ಅಂದ. ನನ್ನ ಜಾಗಕ್ಕೆ ಬಂದಿರೋ ಹುಡುಗಿ ಫೋಟೋ ತೆಗೆದು, ಮಧ್ಯಾಹ್ನವೂ ಇದೇ ಹರಿದ ಅಂಗಿ ಅಂತ ಬರೆದಿಟ್ಟಿದ್ದಾಳೆ. ಸೆಟ್ಟಿನಲ್ಲಿದ್ದ ಏಳೆಂಟು ಜನ ಬಿಟ್ರೆ ಇದು ಯಾರಿಗೂ ಗೊತ್ತಿಲ್ಲ. ಪ್ರಚಾರ ವಿಭಾಗದವರು ಸೆಟ್ಟಿಗೆ ಕಾಲೇ ಇಡಲ್ಲ."

"ಅದಕ್ಕೇನೀಗ?"

"ಅಂಗಿ ಎಷ್ಟು ಹೊಲಿಸ್ತಾರೆ ಎಮಿಲ್? ಮೂರು. ನಿನಗೊಂದು, ನಿನ್ನ ಬದಲು ಕುದುರೆಯಿಂದ ಬೀಳೋ ಟಾಲಿವರ್‌ಗೆ ಒಂದು, ಹೆಚ್ಚಿಗೆ ಒಂದು. ವ್ಯಾಂಡಿವೀರ್ ಅಂಗಿ ತೋರಿಸಿದಾಗ ರಕ್ತ ನೋಡ್ಬೇಡ. ಜೇಬು ನೋಡು."

ಅವಳು ಎದ್ದಳು. ಫೋಟೋ ಮತ್ತೆ ಕಾಲುಚೀಲ ಸೇರಿತು.

"ಇನ್ನೊಂದು ಮಾತು. ಸಾಯೋಕೆ ಹದಿನೈದು ದಿನ ಮುಂಚೆಯಿಂದ ಬ್ರಾಂಡಲ್ ಮನೇಲಿ ಕೂತು ಎರಡನೇ ಜೊತೆ ಮಾಡ್ತಿದ್ದನಂತೆ. ನಿನ್ನ ಕೂದಲಿನ ಟೋಪಿ, ನಿನ್ನ ಹಲ್ಲಿನ ಕವಚ. ಬೇರೆ ಯಾರದೋ ಅಳತೆಗೆ. ಮೇಲಿನವರ ಅಪ್ಪಣೆ, ಯಾಕೋ ಸರಿಕಾಣ್ತಿಲ್ಲ, ಸೋಮವಾರ ವೇಡ್‌ಗೆ ಹೇಳಿಬಿಡ್ತೀನಿ ಅಂತ ತಂಗಿ ಹತ್ರ ಅಂದಿದ್ದ."

"ಯಾರ ಅಳತೆಗೆ?"

"ಅದು ಗೊತ್ತಿದ್ರೆ ನಾನು ಈ ಪೌಡರ್ ಮೆತ್ಕೊಂಡು ಬರ್ತಿರಲಿಲ್ಲ. ನಾಳೆ ಬೆಳಿಗ್ಗೆ ವಕೀಲನ ಜೊತೆ ಬರ್ತೀನಿ. ಅಲ್ಲೀತನಕ ಅವರು ಹೊಡೆದ್ರೂ ಬಡಿದ್ರೂ ಸಹಿ ಹಾಕ್ಬೇಡ. ಆ ಬನ್ನು ತಿನ್ನು ಮಾರಾಯಾ. ಇಡೀ ಊರು ಸುತ್ತಿದ್ದೀನಿ ಅದಕ್ಕೆ."

ಅವಳು ಹೋದ ಮೇಲೆ ಎಮಿಲ್ ಒಂದು ಬನ್ನು ತಿಂದ. ಆಮೇಲೆ ತಟ್ಟೆ ಖಾಲಿಯಾಗುವವರೆಗೂ ನಿಲ್ಲಿಸಲಿಲ್ಲ.

*

ಕಿಟಕಿಗೆ ಸರಳಿತ್ತು. ಆಚೆ ಕಣಗಿಲೆ ಗಿಡಗಳ ಸಾಲು, ಅದರಾಚೆ ಕಿತ್ತಳೆ ತೋಟ, ಮರುಭೂಮಿಯಿಂದ ಬೀಸುವ ಬಿಸಿ ಗಾಳಿ. ಎಮಿಲ್ ಅಲ್ಲೇ ನಿಂತು ಮೂರು ಗಂಟೆಯಾಗುವುದನ್ನು ಕಾದ.

ಅವನ ಅಪ್ಪ ಕುದುರೆ ಸಜ್ಜು ಹೊಲಿಯುವವನು. ಮಗ ಯುದ್ಧದಲ್ಲಿ ಹಡಗಿಗೆ ಬಣ್ಣ ಬಳಿದು, ಯುದ್ಧ ಮುಗಿದ ಮೇಲೆ ಸನ್‌ಸೆಟ್ ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕೆ ನಿಂತ. ಅಲ್ಲೊಬ್ಬ ಗಿರಾಕಿ ಕಾರಿನ ಗಾಜು ಒರೆಸುತ್ತಿದ್ದವನ ಮುಖ ನೋಡಿ ಕೈಗೆ ಚೀಟಿ ಕೊಟ್ಟ. ಒಂದು ವಾರದಲ್ಲಿ ಎಮಿಲ್ ಏಳು ವರ್ಷದ ಕರಾರಿಗೆ ಸಹಿ ಹಾಕಿದ್ದ. ತನ್ನ ಅದೃಷ್ಟಕ್ಕೆ ತಾನೇ ಬೆರಗಾಗಿದ್ದ.

ಮೊದಲು ಹೆಸರು ಹೋಯಿತು. ಕುಡರ್ನಾ ಅಂದರೆ ಜನಕ್ಕೆ ನಾಲಗೆ ಹೊರಳುವುದಿಲ್ಲ ಎಂದರು. ಮುಂಗೂದಲು ಉದುರಿದೆ ಎಂದು ಬ್ರಾಂಡಲ್ ದಿನಾ ಬೆಳಿಗ್ಗೆ ಕೂದಲಿನ ಟೋಪಿ ಅಂಟಿಸಿದ. ಹಲ್ಲು ಓರೆ ಎಂದು ಪಿಂಗಾಣಿಯ ಕವಚ ತೊಡಿಸಿದ. ವಯಸ್ಸಿನಲ್ಲಿ ನಾಲ್ಕು ವರ್ಷ ಕಳೆದರು. ಪ್ರಚಾರ ವಿಭಾಗದ ಮುಖ್ಯಸ್ಥ ಹ್ಯೂ ವ್ಯಾಂಡಿವೀರ್ ಒಂದು ಮಧ್ಯಾಹ್ನ ಕೂತು ಹೊಸ ಜನ್ಮವನ್ನೇ ಬರೆದ: ವೇಡ್ ಹಾರ್‌ಗ್ರೋವ್, ಟೆಕ್ಸಾಸಿನ ದನಗಾಹಿ, ಹಸುಗೂಸಾಗಿದ್ದಾಗಲೇ ತಬ್ಬಲಿ.

ಹದಿನೇಳು ಚಿತ್ರ. ಹದಿನೇಳರಲ್ಲೂ ಕುದುರೆ. ಒಮ್ಮೆ ಕುದುರೆ ಇಲ್ಲದ ಪಾತ್ರ ಕೇಳಿದ್ದಕ್ಕೆ ಮೂರು ತಿಂಗಳು ಕೆಲಸವಿಲ್ಲದೆ ಕೂರಿಸಿದರು, ಆ ಮೂರು ತಿಂಗಳನ್ನು ಕರಾರಿಗೆ ಸೇರಿಸಿದರು. ಇನ್ನೊಮ್ಮೆ ಕೇಳಿದ್ದಕ್ಕೆ ಇನ್ನೊಂಬತ್ತು ತಿಂಗಳು. ಏಳು ಎಂಟಾಯಿತು.

ಹೋದ ವರ್ಷ ಊರಿನಲ್ಲಿ ಅಮ್ಮ ಸತ್ತಳು. ಮಣ್ಣಿಗೆ ಹೋಗಬೇಕೆಂದು ಎಮಿಲ್ ರಜ ಕೇಳಿದ. ವ್ಯಾಂಡಿವೀರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಹೇಳಿದ್ದ: "ನಿಮ್ಮಮ್ಮ ಸಾವಿರದೊಂಬೈನೂರ ಇಪ್ಪತ್ತೈದರಲ್ಲೇ ಸತ್ತಿದ್ದಾಳಲ್ಲಪ್ಪ, ಪತ್ರಿಕೆಯವರೆಲ್ಲ ಬರೆದಿದ್ದಾರೆ. ಸತ್ತವಳು ಇನ್ನೊಂದು ಸಲ ಸಾಯೋ ಹಾಗಿಲ್ಲ."

ಎಮಿಲ್ ಹೋಗಲಿಲ್ಲ. ಅವತ್ತು ಹೋಗದೆ ಉಳಿದದ್ದಕ್ಕೆ ಅವನು ತನ್ನನ್ನು ಎಂದೂ ಕ್ಷಮಿಸಲಿಲ್ಲ. ಕರಾರು ಮುಗಿಯುವುದು ಈ ತಿಂಗಳ ಮೂವತ್ತಕ್ಕೆ. ಮುಗಿದ ದಿನವೇ ಗಂಟುಮೂಟೆ ಕಟ್ಟುವುದೆಂದು ಅಂದೇ ನಿಶ್ಚಯಿಸಿದ್ದ. ಅದನ್ನು ಬ್ರಾಂಡಲ್‌ಗೂ, ತನ್ನ ಬದಲು ಬೀಳುವ ಟಾಲಿವರ್‌ಗೂ ಬಿಟ್ಟು ಇನ್ನಾರಿಗೂ ಹೇಳಿರಲಿಲ್ಲ.

*

ವ್ಯಾಂಡಿವೀರ್ ಮೂರಕ್ಕೆ ಸರಿಯಾಗಿ ಬಂದ. ತೆಳು ಬೂದು ಸೂಟು, ಕೈಯಲ್ಲಿ ಚರ್ಮದ ಚೀಲ. ಬಿಸಿಲಿನಲ್ಲಿ ಬಂದರೂ ಕಾಲರಿನ ಇಸ್ತ್ರಿ ಮುರಿದಿರಲಿಲ್ಲ. ಅವನ ಹಿಂದೆ ಬಾಗಿಲಿಗೆ ಬೀಗ ಬಿತ್ತು.

"ಏನಪ್ಪಾ ದೊರೆ, ಹೇಗಿದ್ದೀಯ? ಗಡ್ಡ ಬಿಟ್ಟು ಸನ್ಯಾಸಿಯಾಗಿದ್ದೀಯಲ್ಲ. ಕನ್ನಡಿ ಕೊಡಿಸಲಾ?"

"ಕನ್ನಡಿ ಬೇಡ. ಕಾಗದ ತೋರಿಸು."

"ಅವಸರವೇ? ಒಳ್ಳೇದು." ಅವನು ಇದ್ದೊಂದು ಕುರ್ಚಿಯಲ್ಲಿ ಕೂತು ಹಾಳೆಗಳನ್ನು ಮಂಚದ ಮೇಲೆ ಹರಡಿ, ಮುಕ್ಕಾಲು ಗಂಟೆ ಒಂದೊಂದನ್ನೂ ಓದಿ ಹೇಳಿದ. "ಇನ್ನೇಳು ವರ್ಷ. ಅದೇ ಷರತ್ತು. ನೀನು ಸಹಿ ಹಾಕ್ತೀಯ, ನಾಳೆ ಗಡ್ಡ ಬೋಳಿಸ್ಕೊಂಡು ಮನೆಗೆ ಹೋಗ್ತೀಯ, ಸೋಮವಾರ ಕುದುರೆ ಹತ್ತುತೀಯ. ಬ್ರಾಂಡಲ್ ಸ್ನಾನದ ಮನೇಲಿ ಜಾರಿ ಬಿದ್ದ. ಮುಗೀತು."

"ಹಾಕದಿದ್ರೆ?"

"ಹಾಕದಿದ್ರೆ ಒಂದು ಅಂಗಿ ಪೊಲೀಸರ ಮೇಜಿನ ಮೇಲೆ ಹೋಗಿ ಕೂರುತ್ತೆ. ನನಗೇನೂ ಸಂತೋಷ ಇಲ್ಲಪ್ಪ ಅದರಲ್ಲಿ. ನಿನ್ನನ್ನ ನಾನು ಮಗನ ಹಾಗೆ ಬೆಳೆಸಿದ್ದೀನಿ."

"ಅಂಗಿ ತಂದಿದ್ದೀಯಾ?"

"ನೋಡಿದ್ರೆ ರಾತ್ರಿ ನಿದ್ದೆ ಬರಲ್ಲ ನಿಂಗೆ."

"ಈಗಲೂ ಬರ್ತಿಲ್ಲ. ತೋರಿಸು."

ವ್ಯಾಂಡಿವೀರ್ ನಿಟ್ಟುಸಿರಿಟ್ಟು ಚೀಲದಿಂದ ಕಂದು ಕಾಗದದ ಪೊಟ್ಟಣ ತೆಗೆದ. ಬೆರಳ ತುದಿಯಲ್ಲಿ ಭುಜ ಹಿಡಿದು ಅಂಗಿಯನ್ನು ಬಿಡಿಸಿದ. ನೀಲಿ ಬಟ್ಟೆ. ಬಲಗಡೆ ಎದೆ, ತೋಳು, ಕೈಪಟ್ಟಿ, ಎಲ್ಲ ಕಡೆ ಒಣಗಿ ಕಂದಾದ ರಕ್ತ. ಬ್ರಾಂಡಲ್ ಮುದುಕನ ರಕ್ತ. ದಿನಾ ಬೆಳಿಗ್ಗೆ ಅಂಟು ಹಚ್ಚುವಾಗ ಕೆನ್ನೆಗೆ ತಗಲುತ್ತಿದ್ದ ಅವನ ಪುದೀನ ವಾಸನೆಯ ಉಸಿರು ಎಮಿಲ್‌ಗೆ ನೆನಪಾಯಿತು.

ಅವನು ಕಣ್ಣನ್ನು ಬಲವಂತವಾಗಿ ಎಡಕ್ಕೆ ಹೊರಳಿಸಿದ.

ಎಡ ಜೇಬು ನೆಟ್ಟಗಿತ್ತು. ನಾಲ್ಕೂ ಅಂಚಿನ ಹೊಲಿಗೆ, ಗುಂಡಿ, ಒಂದು ಎಳೆಯೂ ಕಿತ್ತಿರಲಿಲ್ಲ.

ಒಂಬತ್ತು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಸರಿಯಿತು. ಎಮಿಲ್ ಮಂಚದ ಕಂಬಿ ಹಿಡಿದುಕೊಂಡ. ನಾನಲ್ಲ. ಆ ಮುದುಕನನ್ನು ಕೊಂದದ್ದು ನಾನಲ್ಲ.

"ಇದನ್ನ ನನ್ನ ಮೈಮೇಲಿಂದ ಬಿಚ್ಚಿದವರು ಯಾರು?"

"ಯಾಕೆ?"

"ನೀನೇ ಬಿಚ್ಚಿದ್ಯಾ ಹ್ಯೂ?"

"ನಾನು ಬರೋ ಹೊತ್ತಿಗೆ ಬಿಚ್ಚಿ ಆಗಿತ್ತು. ನಿನಗೆ ಹೊದಿಕೆ ಹೊದಿಸಿ ಮಲಗಿಸಿದ್ರು. ಅಂಗಿ ನನ್ನ ಕೈಗೆ ಕೊಟ್ಟದ್ದು ಟಾಲಿವರ್. ಪಾಪ, ಅಳ್ತಿದ್ದ. ಇವನನ್ನ ಉಳಿಸಿ ಅಂತ ನನ್ನ ಕೈ ಹಿಡ್ಕೊಂಡಿದ್ದ."

"ಟಾಲಿವರ್ ಮೈಮೇಲೆ ಏನಿತ್ತು?"

"ಏನೋ ಒಂದು ಬನಿಯನ್ನು. ಅದೆಲ್ಲ ಯಾಕೀಗ?"

"ಅವತ್ತು ಬೆಳಿಗ್ಗೆ ಹೊಡೆದಾಟದಲ್ಲಿ ನನ್ನ ಅಂಗಿ ಜೇಬು ಹರಿದಿತ್ತು, ಹ್ಯೂ. ಊಟಕ್ಕೆ ಹೋಗುವಾಗಲೂ ಹರಿದೇ ಇತ್ತು. ಫೋಟೋ ಇದೆ. ಇದು ನನ್ನ ಅಂಗಿ ಅಲ್ಲ. ಇದು ಟಾಲಿವರ್‌ದು."

ವ್ಯಾಂಡಿವೀರ್ ನಗಲು ಹೋದ. ನಗು ಅರ್ಧಕ್ಕೇ ನಿಂತಿತು. ಅಂಗಿಯನ್ನು ತಿರುಗಿಸಿ ತನ್ನ ಕಡೆಗೆ ಹಿಡಿದು, ಜೇಬಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಇಪ್ಪತ್ತು ವರ್ಷದಿಂದ ಸ್ಟುಡಿಯೋದ ಕೊಳೆಯನ್ನೆಲ್ಲ ತೊಳೆದ ಆ ಬೆರಳುಗಳು ಕಾಲರಿನ ಒಳಗೆ ಹೋದವು. ಅಲ್ಲಿ ದರ್ಜಿ ಶಾಯಿಯಲ್ಲಿ ಬರೆದ ಅಂಕಿ ಇತ್ತು: ಎರಡು.

"ನಂದು ಒಂದು," ಎಂದ ಎಮಿಲ್. "ಯಾವತ್ತೂ ಒಂದು."

"ಫೋಟೋ ಯಾರ ಹತ್ರ ಇದೆ?"

"ನಿನ್ನ ಹತ್ರ ಇಲ್ಲ, ಅಷ್ಟು ಸಾಕು."

"ಲೋ, ಇದು ನನಗೆ ನಿಜವಾಗ್ಲೂ ಗೊತ್ತಿರಲಿಲ್ಲ." ಅವನ ದನಿಯಲ್ಲಿ ಮೊದಲ ಬಾರಿಗೆ ಬೆಣ್ಣೆಯ ನುಣುಪು ಇರಲಿಲ್ಲ. "ನೀನೇ ಮಾಡಿದ್ದೀಯ ಅಂತ ನಂಬಿದ್ದೆ. ನಂಬಿ ಅದನ್ನ ಉಪಯೋಗಿಸ್ಕೊಂಡೆ, ಇಲ್ಲ ಅನ್ನಲ್ಲ. ಅದು ನನ್ನ ಕೆಲಸ. ಆದ್ರೆ ಟಾಲಿವರ್ ಯಾಕೆ ಆ ಮುದುಕನನ್ನ..."

"ಬ್ರಾಂಡಲ್ ಎರಡನೇ ಜೊತೆ ಹಲ್ಲು, ಕೂದಲು ಮಾಡ್ತಿದ್ದ. ಅಪ್ಪಣೆ ಕೊಟ್ಟದ್ದು ನೀನಾ?"

"ಯಾವ ಎರಡನೇ ಜೊತೆ?"

ಹೊರಗೆ ಏನೋ ಒಡೆದ ಸದ್ದಾಯಿತು. ಗಾಜಿನ ಲೋಟವಿರಬೇಕು. ಜೊತೆಗೇ ನರ್ಸ್ ಅರ್ಡಿಸ್ ಕೂಗಿಕೊಂಡಳು. ಅವಳ ಮೇಜಿನ ಮೇಲೆ ಮಧ್ಯಾಹ್ನವೆಲ್ಲ ಸಣ್ಣಗೆ ಹಾಡುತ್ತಿದ್ದ ರೇಡಿಯೋವನ್ನು ಯಾರೋ ದೊಡ್ಡದು ಮಾಡಿದರು. ಗೋಡೆಯಾಚೆಯ ಮಾತು ಸ್ಪಷ್ಟವಾಗಿ ಕೇಳಿಸಿತು.

"...ಇಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಸಮುದ್ರದ ಅಂಚಿನ ರಸ್ತೆಯಲ್ಲಿ ಅವರ ಬಿಳಿ ಕಾರು ಕಮರಿಗೆ ಉರುಳಿ ಹೊತ್ತಿ ಉರಿಯಿತು. ತೆರೆಯ ಮೇಲೆ ಎಂದೂ ಬೆನ್ನು ತೋರಿಸದ ವೇಡ್ ಹಾರ್‌ಗ್ರೋವ್, ತಾವು ಪ್ರೀತಿಸಿದ ಬಯಲಿನ ಕಡೆಗೆ ಕೊನೆಯ ಸವಾರಿ ಹೊರಟಿದ್ದಾರೆ. ದೇಹ ಗುರುತು ಸಿಗದಷ್ಟು ಸುಟ್ಟಿದ್ದು, ಹಲ್ಲಿನ ಮೇಲಿದ್ದ ಪಿಂಗಾಣಿ ಕವಚದಿಂದ ಗುರುತಿಸಲಾಯಿತು. ಮಧ್ಯಾಹ್ನ ಮೂರೂಕಾಲಿಗೆ ಶವಾಗಾರದಲ್ಲಿ ಗುರುತು ಖಚಿತಪಡಿಸಿದವರು, ಸ್ಟುಡಿಯೋದ ಪ್ರಚಾರ ಮುಖ್ಯಸ್ಥ ಶ್ರೀ ಹ್ಯೂ ವ್ಯಾಂಡಿವೀರ್..."

ಎಮಿಲ್ ಎದುರಿಗಿದ್ದವನನ್ನು ನೋಡಿದ. ಗೋಡೆ ಗಡಿಯಾರದಲ್ಲಿ ನಾಲ್ಕು ಗಂಟೆ. ಮೂರೂಕಾಲಿಗೆ ವ್ಯಾಂಡಿವೀರ್ ಇದೇ ಕುರ್ಚಿಯಲ್ಲಿ ಕೂತಿದ್ದ.

"ಅದು ನಾನು ಬರೆದದ್ದು," ಎಂದ ವ್ಯಾಂಡಿವೀರ್. ಅವನ ತುಟಿ ಒಣಗಿತ್ತು.

"ಏನು?"

"ಕೊನೆಯ ಸವಾರಿ, ಬೆನ್ನು ತೋರಿಸದ... ಅದು ನನ್ನ ವಾಕ್ಯ. ಮೂರು ವರ್ಷದ ಹಿಂದೆ ಬರೆದಿಟ್ಟದ್ದು. ಎಲ್ಲ ದೊಡ್ಡ ನಟರ ಸಾವಿನ ಸುದ್ದಿಯನ್ನೂ ಮೊದಲೇ ಬರೆದಿಟ್ಟಿರ್ತೀವಿ. ನನ್ನ ಮೇಜಿನ ಕೆಳಗಿನ ಡ್ರಾಯರಲ್ಲಿ, ಬೀಗ ಹಾಕಿ." ಅವನು ಜೇಬು ಮುಟ್ಟಿಕೊಂಡ. ಕೀಲಿ ಅಲ್ಲೇ ಇತ್ತು. "ಯಾರೋ ತೆಗೆದಿದ್ದಾರೆ."

"ಆ ಕಾರಲ್ಲಿ ಇದ್ದವನು ಟಾಲಿವರ್," ಎಂದ ಎಮಿಲ್. "ಎರಡನೇ ಜೊತೆ ಹಲ್ಲು ಅವನ ಅಳತೆಗೆ. ಹ್ಯೂ, ಅವನಿಗೆ ಏನು ಹೇಳಿ ತೊಡಿಸಿರ್ತಾರೆ? ಇನ್ಮೇಲೆ ನೀನೇ ವೇಡ್ ಹಾರ್‌ಗ್ರೋವ್ ಅಂತ. ಎಂಟು ವರ್ಷ ನನ್ನ ಬದಲು ಬಿದ್ದವನು. ಅಷ್ಟು ಹೇಳಿದ್ರೆ ಸಾಕಿತ್ತು ಅವನಿಗೆ. ಅದಕ್ಕೇ ಮುದುಕನ ಬಾಯಿ ಮುಚ್ಚಿಸಿದ. ಆಮೇಲೆ ಅವನ ಬಾಯೂ ಮುಚ್ಚಿಸಿದ್ರು. ನಾನು ಬಿಟ್ಟು ಹೋಗ್ತೀನಿ ಅಂತ ಅವನೇ ಮೇಲಿನವರಿಗೆ ಹೇಳಿರ್ಬೇಕು, ಬಿಟ್ಟು ಹೋಗೋ ವೇಡ್‌ಗಿಂತ ಸತ್ತ ವೇಡ್ ಅವರಿಗೆ ಲಾಭ."

"ಯಾರು?"

"ಅದನ್ನ ನೀನು ಹೇಳ್ಬೇಕು. ನಾನಿಲ್ಲಿದ್ದೀನಿ ಅಂತ ಸ್ಟುಡಿಯೋದಲ್ಲಿ ಎಷ್ಟು ಜನಕ್ಕೆ ಗೊತ್ತು?"

ವ್ಯಾಂಡಿವೀರ್ ಬಾಗಿಲ ಕಡೆ ನೋಡಿದ. ಎದ್ದು, ಕಾಗದ, ಅಂಗಿ ಎಲ್ಲ ಹಾಗೇ ಬಿಟ್ಟು, ಬಾಗಿಲಿಗೆ ಹೋಗಿ ಬಡಿದ.

"ಗಸ್! ತೆಗಿ ಬಾಗಿಲು. ನಾನು ಫೋನ್ ಮಾಡ್ಬೇಕು."

ಹೊರಗಿನಿಂದ ಕಾವಲಿನವನ ನಿಧಾನದ ದನಿ ಬಂತು. "ಆಗಲ್ಲ ಸಾರ್."

"ಆಗಲ್ಲ ಅಂದ್ರೇನೋ? ನಾನು ವ್ಯಾಂಡಿವೀರ್!"

"ಇರಬಹುದು ಸಾರ್. ಡಾಕ್ಟರು ಈಗ ತಾನೇ ಬಂದ್ರು. ಚೀಟಿ ಕೊಟ್ಟಿದ್ದಾರೆ. ಏಳನೇ ಕೋಣೆ, ಇಬ್ಬರು ರೋಗಿಗಳು ಅಂತಿದೆ. ನಿಮ್ಮ ಟೈ, ಬೆಲ್ಟು ಬಿಚ್ಚಿ ಕಿಂಡೀಲಿ ಕೊಡಿ. ಗಲಾಟೆ ಮಾಡ್ಬೇಡಿ. ಗಲಾಟೆ ಮಾಡಿದ್ರೆ ಸೂಜಿ ಹಾಕೋಕೆ ಹೇಳಿದ್ದಾರೆ."

ವ್ಯಾಂಡಿವೀರ್ ಬಾಗಿಲಿಗೆ ಅಂಗೈ ಒತ್ತಿ ಹಾಗೇ ನಿಂತ. ಬೆನ್ನ ಮೇಲೆ ಸೂಟಿನ ಬಟ್ಟೆ ಬೆವರಿಗೆ ಕಪ್ಪಾಗುತ್ತಾ ಬಂತು.

"ನನ್ನ ಹೆಂಡತಿಗೆ ಮೀನು ಹಿಡಿಯೋಕೆ ಹೋಗ್ತೀನಿ, ಶನಿವಾರ ಬರ್ತೀನಿ ಅಂತ ಹೇಳಿ ಬಂದಿದ್ದೀನಿ," ಎಂದ. "ಯಾವಾಗಲೂ ಹಾಗೇ ಹೇಳೋದು. ಶನಿವಾರದ ತನಕ ನನ್ನನ್ನ ಯಾರೂ ಹುಡುಕಲ್ಲ."

ಎಮಿಲ್‌ಗೆ ಅವನ ಮೇಲೆ ಕರುಣೆ ಬರಲಿಲ್ಲ, ಸಂತೋಷವೂ ಆಗಲಿಲ್ಲ. ಐಯೋನ್ ಬರುವುದು ನಾಳೆ ಬೆಳಿಗ್ಗೆ. ನಾಳೆ ಬೆಳಿಗ್ಗೆ ಅವಳು ಇಲ್ಲಿ ಯಾರನ್ನು ಕೇಳುತ್ತಾಳೆ? ವೇಡ್ ಹಾರ್‌ಗ್ರೋವ್ ಸತ್ತ. ಉಳಿದವನು ನೆಬ್ರಾಸ್ಕಾದ ಯಾರೋ ಒಬ್ಬ, ತಾನೇ ಸಿನಿಮಾ ನಟ ಎಂದು ಭ್ರಮೆ ಹಿಡಿದವನು ಎಂದು ಅವನ ಹೆಸರಿನ ಹಾಳೆಯಲ್ಲಿ ಮೊದಲ ದಿನವೇ ಬರೆದಾಗಿದೆ.

ಗಾಲಿಗಳ ಕಿರುಗುಟ್ಟುವ ಸದ್ದು ಬಾಗಿಲವರೆಗೆ ಬಂದು ನಿಂತಿತು. ಬೀಗ ತಿರುಗಿತು. ಗಸ್ ಬಾಗಿಲ ತುಂಬ ನಿಂತಿದ್ದ, ಇನ್ನೊಬ್ಬ ದಾಂಡಿಗ ಅವನ ಹಿಂದೆ. ನಡುವೆ ಚರ್ಮದ ಪಟ್ಟಿಗಳಿದ್ದ ತಳ್ಳುಮಂಚ.

"ಕೆಳಗಿನ ಕೋಣೆಗೆ ಕರೀತಿದ್ದಾರೆ," ಎಂದ ಗಸ್. "ಒಬ್ಬೊಬ್ಬರೇ. ಮೊದಲು ಯಾರು?"

ಕೆಳಗಿನ ಕೋಣೆ ಎಂದರೆ ತಲೆಗೆ ಕರೆಂಟು ಕೊಡುವ ಕೋಣೆ. ನಾಲ್ಕನೇ ಕೋಣೆಯ ಮುದುಕ ಮೊನ್ನೆ ಅಲ್ಲಿಂದ ವಾಪಸು ಬಂದಾಗ ತನ್ನ ಹೆಸರೇನೆಂದು ನರ್ಸನ್ನು ಕೇಳಿದ್ದ.

ವ್ಯಾಂಡಿವೀರ್ ಯೋಚಿಸಲೂ ಇಲ್ಲ. ಕೈಯೆತ್ತಿ ಎಮಿಲ್ ಕಡೆ ಬೆರಳು ತೋರಿಸಿದ.

ಎಮಿಲ್ ಆಗಲೇ ಹೆಜ್ಜೆ ಇಟ್ಟಿದ್ದ. "ನಾನೇ ಬರ್ತೀನಿ. ಮಂಚ ಬೇಡ, ನಡೀತೀನಿ. ನಾಲ್ಕು ಹೆಜ್ಜೆ ನಡೆಯೋಕೂ ಬಿಡಲ್ವೇನಪ್ಪಾ?"

ಗಸ್ ಭುಜ ಹಾರಿಸಿ, ಅವನ ಮೊಣಕೈ ಹಿಡಿದ.

ಮೊಗಸಾಲೆ ಉದ್ದಕ್ಕಿತ್ತು. ಕೊನೆಯಲ್ಲಿ ಮೆಟ್ಟಿಲು, ಮೆಟ್ಟಿಲಿಗೆ ಮುಂಚೆ ನರ್ಸ್ ಅರ್ಡಿಸ್‌ಳ ಮೇಜು. ಅವಳು ರೇಡಿಯೋದ ಪಕ್ಕ ತಲೆಯಿಟ್ಟು ಬಿಕ್ಕುತ್ತಿದ್ದಳು. ಕಾಲಬಳಿ ಲೋಟದ ಚೂರುಗಳು. ಮೇಜಿನ ಗಾಜಿನ ಕೆಳಗೆ, ಇಷ್ಟು ದಿನ ಎಮಿಲ್‌ಗೆ ಕಾಣದ ಒಂದು ಚಿತ್ರವಿತ್ತು: ಪತ್ರಿಕೆಯಿಂದ ಕತ್ತರಿಸಿದ್ದು, ಕುದುರೆಯ ಮೇಲೆ ವೇಡ್ ಹಾರ್‌ಗ್ರೋವ್.

ಕೂದಲು ಸ್ಟುಡಿಯೋದವರದು, ಹಲ್ಲು ಅವರದು, ಹುಟ್ಟಿದ ಊರು ಅವರು ಕೊಟ್ಟದ್ದು. ದನಿಯನ್ನೂ ಅವರೇ ತಿದ್ದಿದ್ದರು. ಒಬ್ಬ ಹೆಂಗಸು ಎರಡು ವರ್ಷ ದಿನಾ ಮೂರು ಗಂಟೆ ಕೂರಿಸಿ ಅವನ ಊರಿನ ಎಳೆತವನ್ನು ಗಂಟಲಿನಿಂದ ಕಿತ್ತು, ಎದೆಯ ಆಳದಿಂದ ನಿಧಾನವಾಗಿ ಬರುವ ಬೇರೆ ದನಿ ಕೂರಿಸಿದ್ದಳು. ಆ ದನಿಯನ್ನು ಕ್ಯಾಮೆರಾದ ಮುಂದೆ ಬಿಟ್ಟು ಅವನು ಎಲ್ಲೂ ಬಳಸುತ್ತಿರಲಿಲ್ಲ, ಅಷ್ಟು ದ್ವೇಷಿಸುತ್ತಿದ್ದ. ಇಲ್ಲಿ ಒಂಬತ್ತು ದಿನ ಮಾತನಾಡಿದ್ದು ಅಪ್ಪನ ಮನೆಯ ದನಿಯಲ್ಲೇ.

ಮೇಜಿನ ಎದುರು ಎಮಿಲ್ ನಿಂತ. ಗಸ್ ಜಗ್ಗಿದ. ಎಮಿಲ್ ಜಗ್ಗಲಿಲ್ಲ, ಎದೆ ತುಂಬ ಉಸಿರೆಳೆದುಕೊಂಡ.

"ಕಣ್ಣೊರೆಸ್ಕೋ, ಅರ್ಡಿಸ್," ಎಂದು ಆ ದನಿಯಲ್ಲಿ ಹೇಳಿದ. "ನಾನು ಸತ್ತಿಲ್ಲ."

ಅವಳ ಬಿಕ್ಕು ನಿಂತಿತು. ತಲೆ ಎತ್ತಿದಳು. ಗಡ್ಡ, ಬೋಳು ಹಣೆ, ಓರೆ ಹಲ್ಲು, ಒಂದೊಂದನ್ನೂ ದಾಟಿ ಅವಳ ಕಣ್ಣು ಅವನ ಕಣ್ಣಿಗೆ ಬಂದು ನಿಂತಿತು. ಮುಖದಲ್ಲಿದ್ದ ಬಣ್ಣವೆಲ್ಲ ಇಳಿದುಹೋಯಿತು.

"ಏಯ್, ಮಾತಾಡಿಸ್ಬೇಡಮ್ಮ ಅವನನ್ನ," ಎಂದ ಗಸ್.

ಅರ್ಡಿಸ್ ಅವನ ಮೇಲಿನ ಕಣ್ಣು ಕೀಳದೆ ಮೇಜಿನ ಮೂಲೆಗೆ ಕೈ ಚಾಚಿದಳು. ಅಲ್ಲಿ ಟೆಲಿಫೋನಿತ್ತು. ಅದರ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ, ಡಾಕ್ಟರನ್ನು ಮೇಲಕ್ಕೆ ಕರೆಯುವ ಕೆಂಪು ಗುಂಡಿಯಿತ್ತು.